ಡಬ್ಬಿಯ ಆಹಾರವೂ ಲೋಹಗಳೂ

ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನು ಕಾಯಿಸಬಾರದೆಂಬುದನ್ನು ನಮ್ಮ ಅಜ್ಜಿಯರು ಯಾವ ರಸಾಯನಶಾಸ್ತ್ರವನ್ನೂ ಓದದೆಯೇ ಅರಿತಿದ್ದರು. ಹುಳಿಯು ತಾಮ್ರವನ್ನು ಕರಗಿಸಿ ಕಿಲುಬನ್ನುಂಟುಮಾಡುವುದು. ತವರದ ತೆಳುವಾದ ಲೇಪವು ಅದನ್ನು ತಡೆಯುವುದು. ಅಂಗಡಿಯಲ್ಲಿ ಕೊಳ್ಳುವ ಆಹಾರದ ತಗಡಿನ ಡಬ್ಬಿಯೂ ಬಹುಮಟ್ಟಿಗೆ ಇದೇ ತತ್ತ್ವವನ್ನು ಅನುಸರಿಸಿದ್ದಾಗಿದೆ. ಅದು ಉಕ್ಕಿನ ತಗಡು. ಮೇಲಿರುವುದು ತವರದ ಕಲಾಯಿ.

ಗಾಳಿಯಾಡದಂತೆ ಮುಚ್ಚಿ ಕುದಿಸಿದ ಆಹಾರವು ಬಹುಕಾಲ ಕೆಡದೆಂಬುದನ್ನು ಫ್ರಾನ್ಸ್ ದೇಶದ ನಿಕೊಲಾ ಅಪೆರ್ ಎಂಬಾತನು ಗಾಜಿನ ಭರಣಿಗಳಿಂದ ತೋರಿಸಿ, 1810ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ತಗಡಿನ ಡಬ್ಬಿಗಳು ಬಂದದ್ದು ಅದರ ಬೆನ್ನಲ್ಲಿಯೇ. ಆ ಕಾಲದಲ್ಲಿ ಡಬ್ಬಿಯ ಅಂಚುಗಳನ್ನು ಸೀಸ ಬೆರೆತ ಬೆಸುಗೆಯಿಂದ ಕೂಡಿಸುತ್ತಿದ್ದರು. ಕೇಡು ಹೊಕ್ಕದ್ದು ಇಲ್ಲಿಯೇ.

1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ನನು ಎರಡು ಹಡಗುಗಳೊಡನೆ ಉತ್ತರಧ್ರುವದ ಸಮುದ್ರಕ್ಕೆ ಹೊರಟನು. ಹಡಗುಗಳಲ್ಲಿ ಸಾವಿರಾರು ಡಬ್ಬಿಗಳ ಆಹಾರವಿದ್ದಿತು. ಕೊನೆಯವರೆಗೆ ಜೊತೆಯಲ್ಲಿದ್ದ 129 ಮಂದಿಯಲ್ಲಿ ಒಬ್ಬನೂ ಹಿಂದಿರುಗಲಿಲ್ಲ. 1984 ಮತ್ತು 1986ರಲ್ಲಿ ಬೀಚಿ ದ್ವೀಪದ ಗೋರಿಗಳನ್ನು ತೆರೆದ ವಿದ್ವಾಂಸರು, ಹಿಮದಲ್ಲಿ ಕೆಡದೆ ಉಳಿದಿದ್ದ ಶವಗಳಲ್ಲಿ ಸೀಸವು ಅತಿಯಾಗಿರುವುದನ್ನು ಕಂಡರು. ಅಲ್ಲಿ ಸಿಕ್ಕಿದ ಡಬ್ಬಿಗಳ ಒಳಬದಿಯಲ್ಲಿ ಬೆಸುಗೆಯು ಮೇಣದಬತ್ತಿಯ ಹನಿಗಳಂತೆ ಇಳಿದಿದ್ದಿತು. ಆದರೆ ಆ ಕಾಲದ ಜನರ ಮೈಯಲ್ಲಿ ಸೀಸವು ಸಾಮಾನ್ಯವೇ ಆಗಿತ್ತೆಂದೂ, ಹಡಗಿನ ನೀರಿನ ಕೊಳವೆಗಳಿಂದಲೂ ಬಂದಿರಬಹುದೆಂದೂ ಮುಂದೆ ಕೆಲವರು ವಾದಿಸಿರುವರು. ಅಷ್ಟು ಮಂದಿಯ ಮರಣವನ್ನು ಡಬ್ಬಿಯೊಂದರ ಮೇಲೆಯೇ ಹೊರಿಸುವುದು ನ್ಯಾಯವಾಗಿ ತೋರುವುದಿಲ್ಲ.

ಸೀಸದ ಗುಣವನ್ನು ತಾಯಂದಿರು ವಿಶೇಷವಾಗಿ ತಿಳಿದಿರತಕ್ಕದ್ದು. ಅದು ಸುಣ್ಣದ ಅಂಶದಂತೆ ನಟಿಸಿ ಎಲುಬಿನೊಳಗೆ ಸೇರಿಕೊಂಡು, ವರ್ಷಾನುಗಟ್ಟಲೆ ಅಲ್ಲಿ ಉಳಿಯುವುದು. ಗರ್ಭಕಾಲದಲ್ಲಿ ಆ ಎಲುಬಿನಿಂದ ಹೊರಟು ಶಿಶುವನ್ನೂ ಮುಟ್ಟುವುದು. ಎಳೆಯ ಮಕ್ಕಳ ಮಿದುಳಿಗೆ ಅದರಿಂದಾಗುವ ಹಾನಿಯು ದೊಡ್ಡದು; ಇಷ್ಟಾದರೆ ಕ್ಷೇಮವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲ. ಅಮೆರಿಕದಲ್ಲಿ ಸೀಸದ ಬೆಸುಗೆಯ ಡಬ್ಬಿಗಳನ್ನು 1995ರಲ್ಲಿ ನಿಷೇಧಿಸಿದರು. ಈಗಿನ ಡಬ್ಬಿಗಳನ್ನು ಹೆಚ್ಚಾಗಿ ವಿದ್ಯುತ್ತಿನಿಂದ ಬೆಸೆದು, ಅನೇಕವುಗಳ ಒಳಗೆ ಅರಗಿನಂಥ ಲೇಪವನ್ನೂ ಹಚ್ಚುತ್ತಾರೆ. ಮನೆಯ ಪಾತ್ರೆಗೆ ಕಲಾಯಿ ಹಾಕಿಸುವಾಗಲಾದರೋ ತವರಕ್ಕೆ ಸೀಸವನ್ನು ಬೆರೆಸುವವರುಂಟು. ಕಲಾಯಿಯವನನ್ನು ವಿಚಾರಿಸದೆ ಪಾತ್ರೆಯನ್ನು ಕೊಡಬೇಡಿರಿ.

ತವರವು ಸೀಸದಷ್ಟು ಕ್ರೂರಿಯಲ್ಲ. ಆದರೂ ಅನಾನಸು, ಟೊಮೆಟೊ ಮುಂತಾದ ಹುಳಿಯುಳ್ಳ ಪದಾರ್ಥಗಳು ಲೇಪವಿಲ್ಲದ ಡಬ್ಬಿಯಲ್ಲಿ ಅದನ್ನು ಕರಗಿಸುವುವು. ಅದು ಮಿತಿಮೀರಿದರೆ ವಾಂತಿಯೂ ಹೊಟ್ಟೆನೋವೂ ಉಂಟಾಗುವುವು. ಅಂತರರಾಷ್ಟ್ರೀಯ ಕೊಡೆಕ್ಸ್ ನಿಯಮದಂತೆ ಡಬ್ಬಿಯ ಆಹಾರದಲ್ಲಿ ಕಿಲೋಗ್ರಾಮಿಗೆ 250 ಮಿಲಿಗ್ರಾಂ ತವರವನ್ನೂ, ಪಾನೀಯಗಳಲ್ಲಿ 150 ಮಿಲಿಗ್ರಾಮನ್ನೂ ಮೀರಬಾರದು. ಡಬ್ಬಿಯನ್ನು ತೆರೆದೊಡನೆ ಗಾಳಿಯು ಒಳಹೊಕ್ಕು ತವರವು ಬೇಗ ಕರಗತೊಡಗುವುದು. ಆದಕಾರಣ ಮಿಕ್ಕ ಹಣ್ಣನ್ನು ಕೂಡಲೇ ಗಾಜಿನ ಅಥವಾ ಪಿಂಗಾಣಿಯ ಪಾತ್ರೆಗೆ ಬಗ್ಗಿಸಿಡತಕ್ಕದ್ದು. ಅರ್ಧ ತೆಗೆದ ಡಬ್ಬಿಯನ್ನು ಹಾಗೆಯೇ ತಂಪು ಪೆಟ್ಟಿಗೆಯಲ್ಲಿಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ಇದನ್ನು ಬಿಡುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಟ್ಯೂನಾ ಮೀನಿನ ಡಬ್ಬಿಯಲ್ಲಿ ಪಾದರಸವಿರುವುದೆಂಬ ಮಾತು ನಿಜವೇ. ಆದರೆ ಅದು ತಗಡಿನಿಂದ ಬಂದುದಲ್ಲ. ಚಿಕ್ಕ ಮೀನನ್ನು ದೊಡ್ಡ ಮೀನು ನುಂಗುತ್ತ ಹೋದಂತೆ ಪಾದರಸವು ಸಮುದ್ರದಲ್ಲಿಯೇ ಅದರ ಮಾಂಸದೊಳಗೆ ಕೂಡಿಕೊಂಡಿರುವುದು; ಡಬ್ಬಿಯನ್ನು ಬದಲಿಸಿ ಫಲವಿಲ್ಲ. ಗರ್ಭಿಣಿಯರಿಗೆ ಬೂತಾಯಿಯಂಥ ಸಣ್ಣ ಮೀನೇ ಲೇಸು.