ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆಯೇ?

ಸ್ವಸಹಾಯ ಸಂಘದ ಸಭೆಗೆ ಆರೋಗ್ಯ ಪಾಠ



ಈ ಸಲದ ಪಾಠ ಹರೆಯಕ್ಕೆ ಬಂದ ನಮ್ಮ ಮಕ್ಕಳ ಬಗ್ಗೆ. ಸಭೆಯಲ್ಲಿ ಓದಬಲ್ಲವರು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಕೊನೆಯಲ್ಲಿ ಕೊಟ್ಟಿರುವ ಪ್ರಶ್ನೆಗಳನ್ನು ಎಲ್ಲರೂ ಸೇರಿ ಚರ್ಚಿಸಿ.

ಕಕ್ಕೇರಾ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹದಿಮೂರು ವರ್ಷದ ಮಗಳು ಶಾಲೆಯಿಂದ ಓಡಿ ಬಂದು, "ಯವ್ವಾ, ನಮ್ಮ ಪಿ.ಟಿ. ಸರ್ ನನ್ನ ಭಾರ ಎತ್ತೋ ಆಟಕ್ಕ ಆರಿಸ್ಯಾರ" ಅನ್ನುತ್ತಾಳೆ. ತಾಯಿಗೆ ಗಾಬರಿ. "ಬ್ಯಾಡ ಬಿಡವ್ವ. ಭಾರ ಎತ್ತಿದ್ರ ಬೆಳಿಯೋದು ನಿಂತುಬಿಡ್ತದ. ಕುಳ್ಳಿ ಆದ್ರ ನಾಳೆ ನಿನ್ನ ಯಾರು ಮಾಡ್ಕೋತಾರ?" ಅನ್ನುತ್ತಾಳೆ. ಅಷ್ಟು ಹೇಳಿ ಅದೇ ತಾಯಿ ಮಗಳ ಕೈಗೆ ಎರಡು ಕೊಡ ಕೊಟ್ಟು ನೀರಿಗೆ ಕಳಿಸುತ್ತಾಳೆ. ಒಂದು ಕೊಡ 15 ಲೀಟರ್ ಹಿಡಿದರೆ ಎರಡು ಕೊಡಕ್ಕೆ 30 ಕಿಲೋ ಆಯಿತು.

ತಾಯಿಯ ಕಾಳಜಿ ಸುಳ್ಳಲ್ಲ. ಆದರೆ ಆಕೆಯ ಹೆದರಿಕೆ ತಪ್ಪು ಜಾಗದಲ್ಲಿದೆ.

ಎತ್ತರ ಹೇಗೆ ಬೆಳೆಯುತ್ತದೆ?

ಮಕ್ಕಳ ಕೈಕಾಲಿನ ಉದ್ದ ಎಲುಬುಗಳ ತುದಿಯ ಹತ್ತಿರ ಮೆದು ಎಲುಬಿನ ಒಂದು ಪದರ ಇರುತ್ತದೆ. ಇದಕ್ಕೆ ಬೆಳವಣಿಗೆಯ ಪದರ ಎಂದು ಹೇಳಬಹುದು. ಇಲ್ಲಿ ಹೊಸ ಎಲುಬು ಹುಟ್ಟಿ ಮಗು ಎತ್ತರವಾಗುತ್ತದೆ. ಹರೆಯ ಮುಗಿಯುವಾಗ ಈ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 14ರಿಂದ 16 ವರ್ಷಕ್ಕೆ, ಹುಡುಗರಲ್ಲಿ 16ರಿಂದ 18 ವರ್ಷಕ್ಕೆ ಹೀಗಾಗುತ್ತದೆ. ಆಮೇಲೆ ಎತ್ತರ ಬೆಳೆಯುವುದಿಲ್ಲ.

ಭಾರ ಎತ್ತಿದರೆ ಈ ಪದರ ಅಮುಕಿ ಹೋಗುತ್ತದೆ ಎಂಬುದು ಜನರ ನಂಬಿಕೆ. ವೈದ್ಯರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕಲಿಸುವವರ ಕಣ್ಣಮುಂದೆ, ವಯಸ್ಸಿಗೆ ತಕ್ಕ ಭಾರವನ್ನು ಸರಿಯಾಗಿ ಎತ್ತುವ ಮಕ್ಕಳ ಎತ್ತರ ಕಡಿಮೆಯಾಗುವುದಿಲ್ಲ. ಎಲುಬು, ಸ್ನಾಯು ಗಟ್ಟಿಯಾಗುತ್ತವೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಒಂದು ತಾಸು ಆಟ ಓಟ ಮಾಡಬೇಕು, ವಾರಕ್ಕೆ ಮೂರು ದಿನವಾದರೂ ಎಲುಬು ಸ್ನಾಯು ಬಲಪಡಿಸುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಹಾಗಾದರೆ ಭಾರ ಎತ್ತುವವರು ಕುಳ್ಳಗೆ ಯಾಕೆ ಕಾಣುತ್ತಾರೆ?

ಮಣಿಪುರದ ಮೀರಾಬಾಯಿ ಚಾನು ಅವರನ್ನು ಟಿ.ವಿ.ಯಲ್ಲಿ ನೋಡಿರಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 49 ಕಿಲೋ ವಿಭಾಗದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಪದಕ ಗೆದ್ದವರು. ಚಿಕ್ಕವರಿದ್ದಾಗ ಸೌದೆ ಹೊರೆ ಹೊತ್ತವರು. ಅವರ ಎತ್ತರ ಐದು ಅಡಿಗಿಂತ ಸ್ವಲ್ಪ ಕಡಿಮೆ. ನಮ್ಮ ರಾಜ್ಯದ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಲಾರಿ ಚಾಲಕರ ಮಗ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ 249 ಕಿಲೋ ಎತ್ತಿ ಬೆಳ್ಳಿ ತಂದರು.

ಈ ಆಟದಲ್ಲಿ ಸ್ಪರ್ಧಿಗಳನ್ನು ಮೈತೂಕದ ಪ್ರಕಾರ ವಿಂಗಡಿಸುತ್ತಾರೆ. ಒಂದೇ ಮೈತೂಕದ ಇಬ್ಬರಲ್ಲಿ ಗಿಡ್ಡ ಇದ್ದವರಿಗೆ ಭಾರವನ್ನು ತಲೆ ಮೇಲಕ್ಕೆ ಒಯ್ಯುವ ದೂರ ಕಡಿಮೆ. ಆದ್ದರಿಂದ ಅಂಥವರೇ ಮುಂದೆ ಬರುತ್ತಾರೆ. ಬಾಸ್ಕೆಟ್‌ಬಾಲ್ ಆಡಿದ್ದಕ್ಕೆ ಯಾರೂ ಎತ್ತರ ಆಗುವುದಿಲ್ಲ, ಎತ್ತರ ಇದ್ದವರೇ ಆ ಆಟಕ್ಕೆ ಹೋಗುತ್ತಾರೆ. ಇದೂ ಹಾಗೆಯೇ.

ಇನ್ನೊಂದು ಕಾರಣವೂ ಇದೆ. ಬಡತನದಲ್ಲಿ ಕೂಲಿ ಮಾಡಿ ಭಾರ ಹೊರುವ ಮಕ್ಕಳು ಕುಳ್ಳಗೆ, ಸಣಕಲಾಗಿ ಇರುವುದನ್ನು ಜನ ಕಂಡರು. ಭಾರ ಕಣ್ಣಿಗೆ ಬಿತ್ತು, ಹೊಟ್ಟೆಯ ಹಸಿವು ಬೀಳಲಿಲ್ಲ.

ನಿಜವಾಗಿ ಎತ್ತರ ಕದಿಯುವುದು ಯಾವುದು?

ಎತ್ತರದಲ್ಲಿ ತಂದೆ ತಾಯಿಯಿಂದ ಬಂದ ಪಾಲು ದೊಡ್ಡದು. ಅದನ್ನು ನಾವು ಬದಲಿಸಲಾರೆವು. ಉಳಿದದ್ದು ನಮ್ಮ ಕೈಯಲ್ಲಿದೆ.

ಹಸಿವು ಮತ್ತು ರೋಗ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಈ ಕೂಸುಗಳು ಯಾರೂ ಗರಡಿ ಮನೆಗೆ ಹೋದವರಲ್ಲ! ತಾಯಿ ಬಸುರಿಯಾದಾಗಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಸಿಗದ ಊಟ, ಮೇಲಿಂದ ಮೇಲೆ ಬರುವ ಭೇದಿ, ಹೊಟ್ಟೆಯ ಹುಳ, ಇವು ಎತ್ತರವನ್ನು ತಿನ್ನುತ್ತವೆ.

ಬೇಗ ಮದುವೆ: ಹುಡುಗಿಯ ಮೈ ಇನ್ನೂ ಬೆಳೆಯುತ್ತಿರುವಾಗಲೇ ಬಸುರಿಯಾದರೆ, ಆಕೆಗೆ ಬೇಕಾದ ಪೋಷಣೆಯನ್ನು ಕೂಸಿನೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ತಾಯಿಯೂ ಸೊರಗುತ್ತಾಳೆ, ಕೂಸೂ ಕಡಿಮೆ ತೂಕದ್ದು ಹುಟ್ಟುತ್ತದೆ. ಕುಳ್ಳಿಯಾದರೆ ಯಾರು ಮದುವೆಯಾಗುತ್ತಾರೆ ಎಂದು ಚಿಂತಿಸುವ ನಾವು, ಮದುವೆಯ ಅವಸರವೇ ಮಗಳ ಬೆಳವಣಿಗೆಗೆ ಕುತ್ತು ಎಂಬುದನ್ನು ಮರೆಯುತ್ತೇವೆ.

ಮೈ ಬೆಳೆಸುವ ಸೂಜಿ, ಮಾತ್ರೆ: ಪೇಟೆಯ ಕೆಲವು ಜಿಮ್‌ಗಳಲ್ಲಿ ಹುಡುಗರಿಗೆ ಸ್ಟೀರಾಯ್ಡ್ ಎಂಬ ಔಷಧ ಕೊಡುವುದುಂಟು. ಇದು ಬೆಳವಣಿಗೆಯ ಪದರವನ್ನು ಬೇಗ ಮುಚ್ಚಿಬಿಡಬಹುದು. ಎತ್ತರ ಅಲ್ಲಿಗೇ ನಿಲ್ಲುತ್ತದೆ. ಮಗ ಇಂಥದ್ದು ತಗೊಂಡರೆ ಕೂಡಲೇ ತಡೆಯಿರಿ.

ಎಲುಬಿಗೆ ಪೆಟ್ಟು: ಬೆಳವಣಿಗೆಯ ಪದರ ಮುರಿದರೆ ಆ ಕೈ ಅಥವಾ ಕಾಲು ಗಿಡ್ಡ ಆಗಬಹುದು, ಸೊಟ್ಟ ಆಗಬಹುದು. ಮರದಿಂದ ಬಿದ್ದರೂ, ಬೈಕಿನಿಂದ ಬಿದ್ದರೂ, ಭಾರ ಕೈಜಾರಿ ಬಿದ್ದರೂ ಇದು ಆಗಬಹುದು. ಮಣಿಕಟ್ಟು, ಮೊಣಕಾಲು, ಹಿಮ್ಮಡಿ ಹತ್ತಿರ ಬಾವು ಬಂದು ನೋವು ಇಳಿಯದಿದ್ದರೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿಸಿ ಸುಮ್ಮನಾಗಬೇಡಿ. ಎಲುಬಿನ ಡಾಕ್ಟರ ಹತ್ತಿರ ಎಕ್ಸ್‌ರೇ ಮಾಡಿಸಿ.

ಆಟದ ಭಾರ ಬೇರೆ, ಕೂಲಿಯ ಭಾರ ಬೇರೆ

ಜಾತ್ರೆಯಲ್ಲಿ ಗುಂಡು ಎತ್ತುವುದು, ಜೋಳದ ಚೀಲ ಎತ್ತುವುದು ನಮ್ಮ ಕಡೆ ಹೊಸದಲ್ಲ. ಆದರೆ ಗೆಳೆಯರು ಚಪ್ಪಾಳೆ ತಟ್ಟಿದರೆಂದು ಹದಿನಾಲ್ಕರ ಹುಡುಗ ಒಮ್ಮೆಲೇ ದೊಡ್ಡ ಭಾರಕ್ಕೆ ಕೈ ಹಾಕಿದರೆ ಬೆನ್ನು, ಭುಜ ಕೆಡುತ್ತವೆ. ಕಲಿಯುವ ಮಗು ಹೀಗೆ ಮಾಡಬೇಕು:

1. ಕಲಿಸುವ ಗುರು ಹತ್ತಿರ ಇರಬೇಕು.
2. ಮೊದಲು ಭಾರವಿಲ್ಲದೆ ಕ್ರಮ ಕಲಿಯಬೇಕು. ನಂತರ ಹತ್ತು ಹದಿನೈದು ಸಲ ಸುಲಭವಾಗಿ ಎತ್ತುವಷ್ಟು ಹಗುರ ಭಾರ.
3. ವಾರಕ್ಕೆ ಎರಡು ಮೂರು ದಿನ ಸಾಕು. ನಡುವೆ ವಿಶ್ರಾಂತಿ.
4. ಎಷ್ಟು ಎತ್ತಬಲ್ಲೆ ಎಂಬ ಪಂದ್ಯ ಬೇಡ.
5. ನೋವು ಬಂದರೆ ನಿಲ್ಲಿಸಬೇಕು.

ಕೂಲಿಯಲ್ಲಿ ಈ ಐದರಲ್ಲಿ ಒಂದೂ ಇರುವುದಿಲ್ಲ. ಒಂದು ಸಿಮೆಂಟ್ ಚೀಲ 50 ಕಿಲೋ, ಯೂರಿಯಾ ಚೀಲ 45 ಕಿಲೋ. ಗುಳೆ ಹೋದಲ್ಲಿ ಹದಿನೈದರ ಮಗ ಇದನ್ನು ದಿನವಿಡೀ ಹೊರುತ್ತಾನೆ, ಅರ್ಧ ಹೊಟ್ಟೆಯಲ್ಲಿ ಮಲಗುತ್ತಾನೆ. ಬೆನ್ನು ಬಾಗುತ್ತದೆ, ಶಾಲೆ ತಪ್ಪುತ್ತದೆ. 2016ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವಂತಿಲ್ಲ, 18ರ ವರೆಗೆ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಇಂಥ ಮಕ್ಕಳು ಕಂಡರೆ 1098ಕ್ಕೆ ಫೋನ್ ಮಾಡಿ.

ನಾವು ಏನು ಮಾಡಬಹುದು?

ಜೋಳದ ರೊಟ್ಟಿ ಜೊತೆ ಬರೀ ಖಾರ ಸಾಲದು. ತೊಗರಿಬೇಳೆ, ಹೆಸರುಕಾಳು, ಶೇಂಗಾ, ಎಳ್ಳು, ಪುಂಡಿಪಲ್ಲೆ, ನುಗ್ಗೆಸೊಪ್ಪು, ಮಜ್ಜಿಗೆ, ಆದರೆ ಮೊಟ್ಟೆ, ಇವು ಹರೆಯದ ಮೈಗೆ ಬೇಕು. ಮಗಳಿಗೂ ಮಗನಷ್ಟೇ ಬಡಿಸಿ. ಉಳಿದರೆ ಉಣ್ಣುವುದು ಆಕೆಯ ಪಾಲಾಗಬಾರದು.

2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಮೊದಲ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಇತ್ತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇತ್ತು. ಆಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳಿಗಿಂತ ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂತು. ಊಟ ಕೊಟ್ಟರೆ ನಮ್ಮ ಮಕ್ಕಳೂ ಬೆಳೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನೂ, ವರ್ಷಕ್ಕೆ ಎರಡು ಸಲ ಕೊಡುವ ಹುಳದ ಮಾತ್ರೆಯನ್ನೂ ಮಕ್ಕಳು ಎಸೆಯದಂತೆ ನೋಡಿಕೊಳ್ಳಿ.

ಈ ತಿಂಗಳ ಕೆಲಸ

ಮನೆಯ ಗೋಡೆಗೆ ಮಗುವನ್ನು ನೆಟ್ಟಗೆ ನಿಲ್ಲಿಸಿ, ತಲೆಯ ಮಟ್ಟಕ್ಕೆ ಗೆರೆ ಎಳೆದು ತಾರೀಖು ಬರೆಯಿರಿ. ಆರು ತಿಂಗಳಿಗೊಮ್ಮೆ ಅಳೆಯಿರಿ. ಮೈ ನೆರೆಯದ ಮಗು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯಬೇಕು. 4ಕ್ಕಿಂತ ಕಡಿಮೆಯಾದರೆ ಡಾಕ್ಟರಿಗೆ ತೋರಿಸಿ. ಮೈ ನೆರೆದ ಹುಡುಗಿ ಆಮೇಲೆ ನಿಧಾನವಾಗಿ ಬೆಳೆಯುವುದು ಸಹಜ.

ಆ ತಾಯಿ ಮಗಳಿಗೆ ಇಷ್ಟು ಹೇಳಲಿ: "ಹೋಗವ್ವ, ಆಡು. ಆದ್ರ ಸರ್ ಇದ್ದಾಗಷ್ಟೇ ಎತ್ತು. ಬಂದು ಹೊಟ್ಟಿ ತುಂಬ ಉಣ್ಣು. ನೀರಿನ ಕೊಡ ಇವತ್ತು ನಿಮ್ಮಣ್ಣ ತರ್ತಾನ."

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಮಗ, ಮಗಳು ದಿನಕ್ಕೆ ಎಷ್ಟು ಭಾರ ಹೊರುತ್ತಾರೆ? ಲೆಕ್ಕ ಹಾಕಿ.
2. ನಿನ್ನೆ ರಾತ್ರಿ ಹರೆಯದ ಮಗಳ ತಾಟಿನಲ್ಲಿ ಏನಿತ್ತು?
3. ನಮ್ಮ ಓಣಿಯಲ್ಲಿ ಶಾಲೆ ಬಿಟ್ಟು ಚೀಲ ಹೊರುವ ಮಕ್ಕಳು ಇದ್ದಾರೆಯೇ? ಅವರನ್ನು ಮರಳಿ ಶಾಲೆಗೆ ಕಳಿಸಲು ಸಂಘ ಏನು ಮಾಡಬಹುದು?