ದುಃಖದ ಹೊತ್ತಿನ ಪ್ರಶ್ನೆ



ಸಾವಿನ ಮನೆಗೆ ಹೋದಾಗ ನಾವು ಹೇಳುವ ಮಾತೊಂದಿದೆ: "ಎಲ್ಲಾ ದೇವರ ಚಿತ್ತ, ಅಳಬೇಡಮ್ಮ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮಗನನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಅದು ಬಾಯಿ ಮುಚ್ಚಿಸಿದಂತೆ ಕೇಳುತ್ತದೆ. "ದೇವರು ನಿಜವಾಗಿ ಇದ್ದಾನಾ?" ಎಂಬ ಪ್ರಶ್ನೆ ಒಳಗೆ ಎದ್ದರೆ, ಅದೇ ದೊಡ್ಡ ಪಾಪವೆಂದು ಹೆದರಿ ಬಲಿಪೂಜೆಗೆ ಬರುವುದನ್ನೇ ಬಿಡುವವರಿದ್ದಾರೆ.

ಧರ್ಮಸಭೆ ಹಾಗೆ ಬೋಧಿಸುವುದಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2088ನೆಯ ಪರಿಚ್ಛೇದವು ಎರಡು ಬಗೆಯ ಸಂದೇಹಗಳನ್ನು ಬೇರ್ಪಡಿಸುತ್ತದೆ. ಬೇಕೆಂದೇ ಸತ್ಯವನ್ನು ತಳ್ಳಿಹಾಕುವುದು ಒಂದು. ನಮ್ಮ ಇಚ್ಛೆ ಮೀರಿ ಬರುವ ಅನುಮಾನ, ಕಳವಳ ಇನ್ನೊಂದು. ಆ ತಾಯಿಯದು ಎರಡನೆಯದು.

ಯೇಸುಸ್ವಾಮಿಯೇ ಶಿಲುಬೆಯ ಮೇಲೆ, ತಂದೆ ತನ್ನನ್ನೇಕೆ ಕೈಬಿಟ್ಟರೆಂದು ಗಟ್ಟಿಯಾಗಿ ಕೂಗಿ ಕೇಳಿದರು. ಅದು 22ನೆಯ ಕೀರ್ತನೆಯ ಆರಂಭ. ಶುಭಸಂದೇಶಗಳು ನಮಗೆ ದೊರೆತಿರುವುದು ಗ್ರೀಕ್ ಭಾಷೆಯಲ್ಲಿ. ಆದರೂ ಸಂತ ಮಾರ್ಕನು ಈ ಕೂಗನ್ನು ಯೇಸುವಿನ ಮನೆಮಾತಾದ ಅರಮಾಯಿಕ್‌ನಲ್ಲೇ ಉಳಿಸಿ, ಆಮೇಲೆ ಅರ್ಥ ಹೇಳುತ್ತಾನೆ. ಪಕ್ಕದಲ್ಲಿ ನಿಂತವರಿಗೆ ಅದು ಸರಿಯಾಗಿ ತಿಳಿಯಲಿಲ್ಲ. ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆಂದುಕೊಂಡರು. ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮಗೆ ಇದು ಬೇಗ ಅರ್ಥವಾಗಬೇಕು. ದೇವಾಲಯದಲ್ಲಿ ತೆಲುಗು ಪ್ರಾರ್ಥನೆಗೆ ತಪ್ಪಿಲ್ಲದೆ ಉತ್ತರ ಕೊಡುತ್ತೇವೆ, ಆದರೆ ಎದೆ ಒಡೆದಾಗ ಬರುವುದು "ನನ್ನ ಬಿಟ್ಟು ಎಲ್ಲಿಗೆ ಹೋದ್ಯಪ್ಪಾ" ಎಂಬ ಕನ್ನಡವೇ. ಆ ಗೋಳನ್ನು ಹಾಗೆಯೇ ದೇವರ ಮುಂದಿಡಬಹುದು. ತಿದ್ದಿ, ತೊಳೆದು ಇಡಬೇಕಿಲ್ಲ.

ಇನ್ನು ಸಾಂತ್ವನ ಹೇಳುವವರ ವಿಷಯ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಂದಿಗೆ ಮಾತಿಲ್ಲದೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನನಗೆ ತೋರುತ್ತದೆ! ಬಾಯಿ ತೆರೆದ ಮೇಲೆ ದೇವರ ಪರವಾಗಿ ವಾದಿಸಿ ಅವನನ್ನು ನೋಯಿಸಿದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ಅಷ್ಟೆಲ್ಲ ದೂರಿದ ಯೋಬನೇ ತಮ್ಮ ವಿಷಯದಲ್ಲಿ ಸರಿಯಾಗಿ ಮಾತಾಡಿದನೆಂದರು (ಯೋಬ 42:7).

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಗೆ ಸಮಾಧಿಯ ಬಳಿ ಹೋಗುವಾಗ ಕನ್ನಡ ಬೈಬಲನ್ನು ಕೊಂಡೊಯ್ದು 22ನೆಯ ಕೀರ್ತನೆಯನ್ನು ಓದಿರಿ. ಅದು ದೂರಿನಿಂದ ತೊಡಗಿ ಸ್ತುತಿಯವರೆಗೆ ಹೋಗುತ್ತದೆ. ಸ್ತುತಿಸಲು ಇನ್ನೂ ಮನಸ್ಸು ಬಾರದಿದ್ದರೆ ಮೊದಲ ಭಾಗವನ್ನಷ್ಟೇ ಓದಿ, ಉಳಿದದ್ದನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಿರಿ.