ಬೇಸಿಗೆಯ ಜಡಿಮಳೆ ಮತ್ತು ಮನೆಯ ಹಿತ್ತಲು



ಯುಗಾದಿ ಕಳೆದು ಮಳೆಗಾಲ ಹಿಡಿಯುವವರೆಗಿನ ಎರಡು ತಿಂಗಳು ನಮ್ಮ ಮಲೆನಾಡಿನ ಮನೆಗಳಲ್ಲಿ ಬೀಜ ಒಣಗಿಸುವ, ಸೌದೆ ಕೂಡಿಡುವ, ಹಿತ್ತಲು ಅಗೆಯುವ ಕಾಲ. ಕೆಲವು ವರ್ಷ ಈ ಲೆಕ್ಕ ತಪ್ಪುತ್ತದೆ. ಹೂಮಳೆಯ ಬೆನ್ನಿಗೇ ಮೋಡ ಕಟ್ಟಿ, ಬಿಸಿಲು ಮರೆಯಾಗಿ, ಮಣ್ಣು ಆರುವ ಮೊದಲೇ ಮತ್ತೆ ಮಳೆ ಬೀಳುತ್ತದೆ. 2025ರ ಮೇ ತಿಂಗಳಲ್ಲಿ ನಾವೆಲ್ಲ ಇದನ್ನು ಕಂಡೆವು. ಜೂನ್ 1ರ ಸುಮಾರಿಗೆ ಕೇರಳ ತಲುಪಬೇಕಾದ ಮುಂಗಾರು ಆ ವರ್ಷ ಮೇ 24ರಂದೇ ತಲುಪಿತು. ಇಂಥ ವರ್ಷ ಕಾಫಿಗೆ ಏನಾಯಿತು, ಅಡಿಕೆಗೆ ಏನಾಯಿತು ಎಂದು ಸಭೆಗಳಲ್ಲಿ ಚರ್ಚೆಯಾಗುತ್ತದೆ. ಹಿತ್ತಲಿಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಈ ಪಾಠ ಅದರ ಬಗ್ಗೆ.

ಹಿತ್ತಲಿನ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು 2024ರಲ್ಲಿ ಹೊರತಂದ ಸಲಹೆಯಂತೆ ಸೊಪ್ಪೂ ಸೇರಿ ದಿನಕ್ಕೆ ತಲಾ 400 ಗ್ರಾಂ ತರಕಾರಿ ಬೇಕು. ಐದು ಜನರ ಸಂಸಾರಕ್ಕೆ ದಿನಕ್ಕೆ 2 ಕಿಲೋ ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ ಸುಮಾರು 240 ಕಿಲೋ. ಕಿಲೋಗೆ 40 ರೂಪಾಯಿ ಎಂದು ಹಿಡಿದರೆ 9,600 ರೂಪಾಯಿ. ಇದರ ಅರ್ಧವನ್ನು ಹಿತ್ತಲಲ್ಲಿ ಬೆಳೆದರೆ 4,800 ರೂಪಾಯಿ ಮನೆಯಲ್ಲೇ ಉಳಿಯಿತು.

ಈ ಹಣ ಕೈಬಿಡುವ ಹೊತ್ತು ಯಾವುದೆಂದು ಯೋಚಿಸಿ. ಕಾಫಿಯ ದುಡ್ಡು ಸಾಲಕ್ಕೆ, ಆಳುಗಳಿಗೆ ಹೋಗಿರುತ್ತದೆ. ಹೊಸ ಅಡಿಕೆ ಇನ್ನೂ ಗೊನೆಯಲ್ಲಿರುತ್ತದೆ. ಮಕ್ಕಳ ಪುಸ್ತಕ, ಮೈಲುತುತ್ತ, ಗೊಬ್ಬರ ಎಲ್ಲವೂ ಅದೇ ತಿಂಗಳುಗಳಲ್ಲಿ ಬಾಗಿಲಿಗೆ ಬರುತ್ತವೆ. ಕೈಯಲ್ಲಿ ಕಾಸಿಲ್ಲದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಸಂತೆಯ ಚೀಲ. ಆ ಕೊರತೆ ಕೊನೆಗೆ ಬಡಿಸಿಕೊಳ್ಳುವ ಹೆಂಗಸರ ಎಲೆಯಲ್ಲಿ ಕಾಣುತ್ತದೆ.

ತಂಪಿನಲ್ಲಿ ಬೀಜ ಏಕೆ ಕೆಡುತ್ತದೆ?

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆ ಸುಳ್ಳಲ್ಲ. ಆದರೆ ಅದು ಮಳೆ ಬಂದು ಬಿಸಿಲು ಕಾಯುವ ವರ್ಷದ ಮಾತು. ಮೊಳೆಯುವ ಬೀಜಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಗಾಳಿ ಇಲ್ಲವಾಗಿ ಬೀಜ ಕೊಳೆಯುತ್ತದೆ. ಬಿಸಿಲಿಲ್ಲದೆ ಮಣ್ಣು ತಂಪಾದಾಗ ಮೊಳಕೆ ತಡವಾಗುತ್ತದೆ. ತಡವಾದಷ್ಟೂ ಬೂಷ್ಟಿಗೆ ಅವಕಾಶ. ಎದ್ದ ಸಸಿಯ ಬುಡ ನೆಲದ ಮಟ್ಟದಲ್ಲಿ ನೂಲಿನಂತೆ ಸಪೂರವಾಗಿ ಮಲಗಿತೆಂದರೆ ಅದು ಸಸಿ ಕೊಳೆರೋಗ. ಜೊತೆಗೆ, ಸುರಿಯುವ ನೀರು ಸಾರಜನಕವನ್ನು ತೊಳೆದುಕೊಂಡು ಹೋಗುವುದರಿಂದ ಗಿಡ ಬಿಳಿಚಿಕೊಳ್ಳುತ್ತದೆ.

ಕೆಲಸದ ಕ್ರಮ

1. ಮಣ್ಣು ನೋಡಿ ಅಗೆಯಿರಿ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಟ್ಟಿ. ಉದುರಿದರೆ ಅಗೆಯಬಹುದು. ಉಂಡೆಯಾಗಿ ಅಂಟಿದರೆ ಕಾಯಬೇಕು. ಹಸಿ ಮಣ್ಣನ್ನು ತುಳಿದು ಅಗೆದರೆ ಒಣಗಿದ ಮೇಲೆ ಹೆಂಟೆಗಟ್ಟಿ ಬೇರು ಇಳಿಯದು.

2. ಏರು ಪಾತಿ ಮಾಡಿ. ಮೂರಡಿ ಅಗಲ, ಮುಕ್ಕಾಲು ಅಡಿ ಎತ್ತರ ಇರಲಿ. ನಡುವೆ ಕಾಲುದಾರಿ, ಅದೇ ಬಸಿಗಾಲುವೆ. ಇಳಿಜಾರಿನಲ್ಲಿ ಪಾತಿ ಅಡ್ಡಕ್ಕೆ ಇರಲಿ. ಮೇಲೆ ತೆಳುವಾಗಿ ದರಗು ಹರಡಿದರೆ ಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದು.

3. ಬೀಜ ಪರೀಕ್ಷಿಸಿ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಕಡೆ ಇಡಿ. ಏಳು ಮೊಳೆತರೆ ಬಿತ್ತಬಹುದು. ಇದಕ್ಕಿಂತ ಕಡಿಮೆಯಾದರೆ ಹೊಸ ಬೀಜ ಹುಡುಕುವುದು ಲೇಸು.

4. ಸಸಿ ಸೂರಿನಡಿ ಏಳಲಿ. ಹೀರೆ, ಹಾಗಲ, ಪಡುವಲ, ಸೌತೆಗಳನ್ನು ನೇರ ನೆಲಕ್ಕೆ ಹಾಕದೆ ಅಡಿಕೆ ಹಾಳೆಯ ಕೊಟ್ಟೆ ಕಟ್ಟಿ, ತಳಕ್ಕೆ ತೂತು ಮಾಡಿ, ಎರಡೆರಡು ಬೀಜ ಊರಿ. ಬೆಳಕು ಬೀಳುವ ಜಗಲಿಯಂಚು ಸಾಕು. ಎರಡು ಮೂರು ಎಲೆ ಬಂದಾಗ ಬೇರು ಕದಡದಂತೆ ನೆಡಿ. ಬದನೆ, ಮೆಣಸನ್ನು ವಿರಳವಾಗಿ ಬಿತ್ತಿ. ಸಗಣಿ ಗೊಬ್ಬರದಲ್ಲಿ ಟ್ರೈಕೋಡರ್ಮ ಬೆರೆಸಿ ಪಾತಿಗೆ ಕೊಡುವುದು ಒಳ್ಳೆಯದು. ಅದೇ ಪಾತಿಗೆ ಬೋರ್ಡೋ ದ್ರಾವಣ ಹೊಯ್ಯಬಾರದು.

5. ಗೊಬ್ಬರ ಸ್ವಲ್ಪ ಸ್ವಲ್ಪವಾಗಿ ಕೊಡಿ. ಒಂದೇ ಸಲ ಸುರಿದರೆ ಹಳ್ಳದ ಪಾಲು. ಮಳೆ ಬಿಟ್ಟ ದಿನ ನೋಡಿ, ಎರಡು ಮೂರು ವಾರಕ್ಕೊಮ್ಮೆ ಕೊಟ್ಟರೆ ಗಿಡಕ್ಕೆ ಸಿಗುತ್ತದೆ.

6. ಹೂವಿಗೆ ಕೈ ಹಚ್ಚಿ. ಮಳೆಯಲ್ಲಿ ಜೇನು ಹಾರದೆ ಎಳೆ ಮಿಡಿ ಹಳದಿಯಾಗಿ ಉದುರುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ, ಬರೀ ತೊಟ್ಟಿರುವುದು ಗಂಡು. ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ತಾಗಿಸಿ. ಸೌತೆ, ಹಾಗಲ ಅರಳುವುದು ಬೆಳಿಗ್ಗೆ, ಹೀರೆ ಸಂಜೆ. ಶಾಲೆಯಿಂದ ಬಂದ ಮಕ್ಕಳಿಗೆ ಹೀರೆ ಚಪ್ಪರ ಒಪ್ಪಿಸಿದರೆ ಪಾಠವೂ ಆಯಿತು, ಪಲ್ಯವೂ ಆಯಿತು.

7. ಬಸವನಹುಳು ಹೆಕ್ಕಿ. ಸಂಜೆ ಒದ್ದೆ ಗೋಣಿ ಹಾಸಿಟ್ಟು ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟದೆ ಆರಿಸಿ ಉಪ್ಪುನೀರಿನ ಡಬ್ಬಿಗೆ ಹಾಕಿ. ಪಾತಿಗೆ ಉಪ್ಪು ಚೆಲ್ಲಬೇಡಿ.

ಎಲ್ಲವೂ ಕೈಕೊಟ್ಟ ವರ್ಷಕ್ಕೆ ಬಸಳೆ, ಹರಿವೆ, ಕೆಸು, ಸುವರ್ಣಗಡ್ಡೆ ಇರಲಿ. ಬಸಳೆಗೆ ಬೀಜವೇ ಬೇಡ, ಬಲಿತ ದಂಟಿನ ತುಂಡು ಸಾಕು. ಕೆಸುವಿಗೆ ತೇವ ಹೆಚ್ಚಾದರೂ ಬಾಧೆಯಿಲ್ಲ.

ಬೋರ್ಡೋ ದಿನಗಳಲ್ಲಿ ಎಚ್ಚರ

ಮಳೆ ಬೇಗ ಹಿಡಿದ ವರ್ಷ ಕೊಳೆರೋಗದ ಮೊದಲ ಸಿಂಪಡಣೆಗೂ ಹಿತ್ತಲಿಗೂ ಒಂದೇ ವಾರ ಕೆಲಸ ಬೀಳುತ್ತದೆ. ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತೋಟದಂಚಿನ ಸೊಪ್ಪು, ಅಲಸಂಡೆಗಳನ್ನು ಸಿಂಪಡಣೆಯ ಮುನ್ನಾದಿನವೇ ಕೊಯ್ದುಕೊಳ್ಳಿ. ದ್ರಾವಣ ಕಲಸಿದ ಕೊಡ, ಬಕೆಟ್ ಮತ್ತೆ ಅಡಿಗೆಮನೆಗೆ ಬರಬಾರದು. ಕಳೆನಾಶಕದ ಪಂಪನ್ನು ಹಿತ್ತಲಿಗೆ ತರಲೇಬೇಡಿ; ಎಷ್ಟು ತೊಳೆದರೂ ಉಳಿದ ಅಂಶಕ್ಕೆ ಬದನೆಯೂ ಬಳ್ಳಿಗಳೂ ಮುರುಟುವುದುಂಟು.

ಇದು ಯಾರ ಕೆಲಸ?

ನಮ್ಮ ಮನೆಗಳಲ್ಲಿ ಬೀಜ ಕಾಯುವವರು ಅತ್ತೆ, ನೀರು ಹೊರುವವಳು ಸೊಸೆ. ಬೂದಿಯಲ್ಲಿಟ್ಟ ಬೀಜ, ಸಗಣಿಯಲ್ಲಿ ಬೆರೆಸಿ ಗೋಡೆಗೆ ಬಡಿದ ಬೀಜ, ಬಾಳೆಪಟ್ಟೆಯಲ್ಲಿ ಕಟ್ಟಿ ಮಾಡಿಗೆ ನೇತುಹಾಕಿದ ಸೌತೆ, ಇವೆಲ್ಲ ಅವರ ವಿದ್ಯೆ. ಒಂದು ಮಳೆವರ್ಷ ಬೀಜ ಬೂಷ್ಟು ಹಿಡಿದರೆ ಹತ್ತಾರು ವರ್ಷ ಉಳಿದುಬಂದ ತಳಿಯೇ ಮನೆಯಿಂದ ಹೋಗುತ್ತದೆ. ಆದ್ದರಿಂದ ಬೀಜ ಒಲೆಯ ಮೇಲಿನ ಅಟ್ಟಕ್ಕೆ ಹೋಗಲಿ. ಒಂದು ಪಾಲನ್ನು ನೆರೆಮನೆಗೂ ಕೊಟ್ಟಿರಿ. ನಮ್ಮಲ್ಲಿ ಕೆಟ್ಟದ್ದು ಅಲ್ಲಿ ಉಳಿದಿರುತ್ತದೆ. ಸಹಕಾರವೆಂದರೆ ಷೇರು ಹಣ ಮಾತ್ರವಲ್ಲ.

ಏರು ಪಾತಿ, ಬಸಿಗಾಲುವೆ, ಚಪ್ಪರದ ಗೂಟ ಇವು ಹೆಂಗಸರು ಬಿಡುವಿನಲ್ಲಿ ಮುಗಿಸುವ ಕೆಲಸವಲ್ಲ. ತೋಟದ ಆಳುಗಳನ್ನು ಹಂಚುವ ಯಜಮಾನರು ಭರಣಿ ಮಳೆಯ ಹೊತ್ತಿಗೆ ಒಂದು ದಿನ, ಕೃತ್ತಿಕೆಯಲ್ಲಿ ಒಂದು ದಿನ ಇಬ್ಬರು ಆಳುಗಳನ್ನು ಹಿತ್ತಲಿಗೆ ಬಿಟ್ಟುಕೊಡಬೇಕು. ಆಳು ಸಿಗದಿದ್ದರೆ ಸ್ವತಃ ಗುದ್ದಲಿ ಹಿಡಿಯಬೇಕು. ತೋಟದ ಲೆಕ್ಕದ ಪುಸ್ತಕದಲ್ಲಿ ಈ ಎರಡು ದಿನವನ್ನು ಖರ್ಚಿನ ಕಡೆ ಬರೆಯಿರಿ. ಸೆಪ್ಟೆಂಬರ್‌ವರೆಗೆ ಮನೆಯವರು ಕೊಯ್ದ ತರಕಾರಿಯ ತೂಕವನ್ನು ಎದುರಿನ ಪುಟದಲ್ಲಿ ಬರೆಯಿರಿ. ಯಾವ ಪುಟ ಭಾರವೆಂದು ಸದಸ್ಯರೇ ನೋಡಿ, ವಾರ್ಷಿಕ ಸಭೆಗೆ ಬರುವಾಗ ಆ ಲೆಕ್ಕವನ್ನೂ ತರಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ